ಈ ಲೆಕ್ಕ ಹಾಕಿದ್ದು ಯಾರು? ಬಾಂದ್ರಾದ ಒಂದು ಮನೆ, ಟ್ರಾಂಬೆಯ ಒಂದು ಲ್ಯಾಬ್

ಹೋದ ವಾರದ ವಿಡಿಯೋದಲ್ಲಿ ಮಾತಾಡಿದ್ದನ್ನೇ ಸ್ವಲ್ಪ ತಿದ್ದಿ, ಬಿಟ್ಟುಹೋದ ಒಂದೆರಡು ವಿಷಯ ಸೇರಿಸಿ ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಆಫೀಸ್ ಬಸ್ಸಿನಲ್ಲಿ ಕೂತು ಓದೋರಿಗೆ, ಮತ್ತೆ ಒಂದೂವರೆ ಪಟ್ಟು ಸ್ಪೀಡಿನಲ್ಲಿ ಕೇಳಿ ಅರ್ಧ ಕೈಬಿಟ್ಟೋರಿಗೆ ಇದು ಅನುಕೂಲ.

ಈ ಸಲದ ಇತಿಹಾಸ ಶುರುವಾಗಿದ್ದು ಯಾವುದೋ ಪುಸ್ತಕದಿಂದ ಅಲ್ಲ, ನಮ್ಮ ಮನೆಯಿಂದ. ನಾವಿರೋದು ಬಾಂದ್ರಾ ಪೂರ್ವದಲ್ಲಿ, ಒಂದು ಒನ್ ಬಿಎಚ್‌ಕೆ ಬಾಡಿಗೆ ಮನೆ. ಬಿಕೆಸಿಯ ಆಫೀಸಿಗೆ ಆಟೋದಲ್ಲಿ ಹತ್ತು ನಿಮಿಷ, ಟ್ರಾಫಿಕ್ ಇದ್ದರೆ ನಲವತ್ತು. ಹಾಸನದಿಂದ ಅಮ್ಮ ನಮ್ಮ ಜೊತೆ ಇರೋಕೆ ಬಂದಿದ್ದರು. ಬಂದ ಮೇಲೆ ಗೊತ್ತಾಯ್ತು, ಅವರ ಥೈರಾಯ್ಡ್ ಮಿತಿಮೀರಿ ಕೆಲಸ ಮಾಡ್ತಿದೆ ಅಂತ. ಮಾತ್ರೆಗೆ ಬಗ್ಗಲಿಲ್ಲ. ಕೊನೆಗೆ ಡಾಕ್ಟರು ರೇಡಿಯೋ ಅಯೋಡಿನ್ ಕೊಡೋಣ ಅಂದರು. ಒಂದು ಕ್ಯಾಪ್ಸೂಲು, ಒಂದು ಲೋಟ ನೀರು, ಅಷ್ಟೇ. ಅದೇ ದಿನ ಮನೆಗೆ ಕಳಿಸಿದರು.

ಕ್ಯಾಪ್ಸೂಲಿನ ಜೊತೆ ಒಂದು ಹಾಳೆಯನ್ನೂ ಕೊಟ್ಟಿದ್ದರು. ಚಿಕ್ಕ ಮಕ್ಕಳಿಂದ, ಗರ್ಭಿಣಿಯರಿಂದ ದೂರ ಇರಬೇಕು. ಬೇರೆ ಮಲಗಬೇಕು. ತಟ್ಟೆ, ಲೋಟ, ಟವೆಲ್ ಬೇರೆ. ಬಚ್ಚಲಿಗೆ ಹೋದರೆ ಎರಡು ಸಲ ಫ್ಲಶ್. ಅಮ್ಮನ ಡೋಸಿಗೆ, ನಮ್ಮ ಮನೆಯ ಪರಿಸ್ಥಿತಿಗೆ ಎರಡು ವಾರ ಅಂತ ಬರೆದಿದ್ದರು. ನನ್ನ ಮಗಳಿಗೆ ನಾಲ್ಕು ವರ್ಷ. ಅಜ್ಜಿ ಬಂದಾಗಿನಿಂದ ಅವರ ಪಕ್ಕದಲ್ಲೇ ಮಲಗೋ ಮಗು. ಹಾಲ್‌ನಿಂದ ಬೆಡ್‌ರೂಮಿನ ಬಾಗಿಲವರೆಗೆ ಟೇಪ್ ಹಿಡಿದು ಅಳೆದೆ. ಮುಂಬೈ ಮನೆಯಲ್ಲಿ ಎರಡು ಮೀಟರ್ ಅನ್ನೋದು ಎಷ್ಟು ದೊಡ್ಡ ಆಸ್ತಿ ಅಂತ ಅವತ್ತು ತಿಳೀತು.

ಮೂರನೇ ದಿನ ಮಗಳು ಬಾಗಿಲಾಚೆ ನಿಂತು, "ಅಜ್ಜಿಗೆ ನನ್ನ ಮೇಲೆ ಕೋಪ ಅಲ್ವಾ?" ಅಂತ ಕೇಳಿದಳು. ಒಳಗಿನಿಂದ ಅಮ್ಮ ನನ್ನನ್ನು ಕೇಳಿದರು: "ಎರಡು ವಾರ ಅಂತ ಲೆಕ್ಕ ಹಾಕಿದೋರು ಯಾರೋ? ಅವರಿಗೇನು ಮೊಮ್ಮಕ್ಕಳಿರಲಿಲ್ವಾ? ಹತ್ತು ದಿನ ಯಾಕಾಗಬಾರದು? ತಿಂಗಳು ಯಾಕಲ್ಲ?"

ಡಾಕ್ಟರು ಹೇಳಿದ್ರು ಕಣಮ್ಮ ಅಂದೆ. ಆದರೆ ಅದು ಉತ್ತರ ಅಲ್ಲ, ಅಲ್ವಾ? ಈ ಲೆಕ್ಕ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದೆ. ಅದು ನಮ್ಮ ಮನೆಯಿಂದ ನೇರ ಗೆರೆ ಎಳೆದರೆ ಹದಿನೈದು ಕಿಲೋಮೀಟರಿಗಿಂತ ಹತ್ತಿರ ಇರುವ ಟ್ರಾಂಬೆಗೆ ಕರ್ಕೊಂಡು ಹೋಯ್ತು.

ಅಯೋಡಿನ್‌ಗೆ ದಾರಿ ಗೊತ್ತು

ಮೊದಲು ಸ್ವಲ್ಪ ರಸಾಯನಶಾಸ್ತ್ರ. ಭಯ ಬೇಡ, ಪಿಯುಸಿಯಷ್ಟೇ.

ಥೈರಾಯ್ಡ್ ಗ್ರಂಥಿಗೆ ಹಾರ್ಮೋನ್ ತಯಾರಿಸಲು ಅಯೋಡಿನ್ ಬೇಕು. ನಾವು ತಿಂದ ಅಯೋಡಿನ್ನನ್ನು ರಕ್ತದಿಂದ ಹೆಕ್ಕಿ ತೆಗೆದುಕೊಳ್ಳುತ್ತೆ. ಉಪ್ಪಿನಲ್ಲಿರುವ ಸಾಧಾರಣ ಅಯೋಡಿನ್ ಯಾವುದು, ವಿಕಿರಣ ಸೂಸುವ ಅಯೋಡಿನ್-131 ಯಾವುದು ಅಂತ ಅದಕ್ಕೆ ಗೊತ್ತಾಗಲ್ಲ. ಚಿಕಿತ್ಸೆ ನಡೆಯೋದೇ ಹೀಗೆ. ಅಯೋಡಿನ್-131 ಎರಡು ಬಗೆಯ ವಿಕಿರಣ ಬಿಡುತ್ತೆ. ಬೀಟಾ ಕಣಗಳು ಗ್ರಂಥಿಯ ಒಳಗೇ ಒಂದೆರಡು ಮಿಲಿಮೀಟರ್ ಹೋಗಿ ನಿಲ್ಲುತ್ತವೆ, ಮದ್ದಿನ ಕೆಲಸ ಮಾಡೋದು ಅವು. ಗಾಮಾ ಕಿರಣ ಮೈಯಿಂದ ಆಚೆ ಬರುತ್ತೆ. ಆ ದೂರದ ಲೆಕ್ಕ ಇದಕ್ಕೋಸ್ಕರ. ಒಂದು ಮೀಟರಿನಿಂದ ಎರಡು ಮೀಟರಿಗೆ ಸರಿದರೆ ಡೋಸು ಹೆಚ್ಚುಕಡಿಮೆ ಕಾಲು ಭಾಗಕ್ಕೆ ಇಳಿಯುತ್ತೆ, ಮೂರು ಮೀಟರಿಗೆ ಒಂಬತ್ತನೇ ಒಂದು ಭಾಗಕ್ಕೆ. ಎಂಟು ದಿನಕ್ಕೊಮ್ಮೆ ಅಯೋಡಿನ್-131 ಅರ್ಧ ಆಗುತ್ತೆ. ಜೊತೆಗೆ ಮೂತ್ರದಲ್ಲೂ ಹೋಗೋದರಿಂದ ದೇಹದೊಳಗೆ ಇನ್ನೂ ಬೇಗ ಕಡಿಮೆ ಆಗುತ್ತೆ. ಎರಡು ಸಲ ಫ್ಲಶ್ ಅನ್ನೋದು ಅದಕ್ಕೆ.

ಹೀಗೆ ಒಂದು ಮೂಲಧಾತು ದೇಹದಲ್ಲಿ, ಮಣ್ಣಿನಲ್ಲಿ, ನೀರಿನಲ್ಲಿ ಯಾವ ದಾರಿ ಹಿಡಿಯುತ್ತೆ ಅಂತ ಹುಡುಕೋರು ರೇಡಿಯೋಕೆಮಿಸ್ಟ್‌ಗಳು. ಸೀಸಿಯಂ ಪೊಟ್ಯಾಸಿಯಮ್ಮಿನ ಹಾದಿ ಹಿಡಿದು ಸ್ನಾಯುಗಳಿಗೆ ಹೋಗುತ್ತೆ. ಸ್ಟ್ರಾನ್ಷಿಯಂ ಕ್ಯಾಲ್ಸಿಯಮ್ಮಿನ ಹಾದಿ ಹಿಡಿದು ಮೂಳೆಗೆ. ಅಯೋಡಿನ್ ಥೈರಾಯ್ಡಿಗೆ. ಯಾವುದು ಎಲ್ಲಿ ಹೋಗಿ ಕೂರುತ್ತೆ ಅಂತ ಗೊತ್ತಿದ್ದರೆ ಅಪಾಯವನ್ನು ಎಲ್ಲಿ ಹುಡುಕಬೇಕು ಅಂತಲೂ ಗೊತ್ತು.

ಇದರ ಒಂದು ಉದಾಹರಣೆ ನನಗೆ ತುಂಬಾ ಹಿಡಿಸಿತು. 1954ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ವ್ಯಾನ್ ಮಿಡಲ್ಸ್‌ವರ್ತ್ ಅನ್ನುವ ಸಂಶೋಧಕ ಕಸಾಯಿಖಾನೆಯಿಂದ ತಂದ ದನಗಳ ಥೈರಾಯ್ಡ್‌ಗಳಲ್ಲಿ ಅಯೋಡಿನ್-131 ಕಂಡರು. ಅದು ಬಂದಿದ್ದು ಅಣುಬಾಂಬ್ ಪರೀಕ್ಷೆಗಳಿಂದ. ಸಾವಿರಾರು ಮೈಲಿ ಆಚೆ ಸಿಡಿದ ಬಾಂಬಿನ ಧೂಳು ಹುಲ್ಲಿನ ಮೇಲೆ ಬಿದ್ದು, ದನ ಆ ಹುಲ್ಲು ಮೇಯ್ದು, ಗ್ರಂಥಿ ಅದನ್ನು ಕೂಡಿಟ್ಟುಕೊಂಡಿತ್ತು. ಗಾಳಿಯಲ್ಲಿ ಅಳೆಯೋಕೆ ಸಿಗದಷ್ಟು ಕಡಿಮೆ ಇದ್ದದ್ದು ಗ್ರಂಥಿಯಲ್ಲಿ ಸಿಕ್ಕಿತು. ಮುಂದೆ ಬಹಳ ವರ್ಷ ಆತ ಬೇರೆ ಬೇರೆ ದೇಶಗಳ ಕಸಾಯಿಖಾನೆಗಳಿಂದ ಗ್ರಂಥಿ ತರಿಸಿ ಅಳೆದರು.

ನಮ್ಮ ಬಾಂದ್ರಾಗೆ ಹೊಸಬರಾದವರಿಗೆ ಒಂದು ವಿಷಯ ಗೊತ್ತಿರಲಿಕ್ಕಿಲ್ಲ. 1971ರಲ್ಲಿ ದೇವನಾರ್ ಕಸಾಯಿಖಾನೆ ಶುರುವಾಗುವ ತನಕ ಈ ಊರಿಗೆಲ್ಲ ಮಾಂಸ ಹೋಗುತ್ತಿದ್ದದ್ದು ಬಾಂದ್ರಾದ ಕಸಾಯಿಖಾನೆಯಿಂದ. ಇವತ್ತು ಕಾಫಿಗೆ ಮುನ್ನೂರು ರೂಪಾಯಿ ತಗೊಳ್ಳೋ ಬಾಂದ್ರಾ ಒಂದು ಕಾಲದಲ್ಲಿ ಆಡು, ಕುರಿ, ದನಗಳ ಬಾಂದ್ರಾ. ಮೆಂಫಿಸ್ ಕಥೆ ಓದಿದ ಮೇಲೆ ಆ ಕಡೆ ಹೋದಾಗೆಲ್ಲ, ಒಂದು ನಗರದ ಆರೋಗ್ಯದ ದಾಖಲೆ ಎಂಥೆಂಥ ಜಾಗದಲ್ಲಿ ಇರುತ್ತೆ ಅಂತ ನೆನಪಾಗುತ್ತೆ.

ಮಿತಿ ಇಲ್ಲದ ಒಂದು ವಾರಾಂತ್ಯ

ಈಗ ಅಮ್ಮನ ಪ್ರಶ್ನೆಗೆ ಬರೋಣ. ಇಷ್ಟಾದರೆ ಪರವಾಗಿಲ್ಲ, ಇದಕ್ಕಿಂತ ಹೆಚ್ಚಾದರೆ ಬೇಡ ಅನ್ನುವ ಗೆರೆಯನ್ನು ಎಳೆಯೋದು ಹೇಗೆ?

1957ರ ಅಕ್ಟೋಬರ್ 10ರಂದು ಇಂಗ್ಲೆಂಡಿನ ವಿಂಡ್‌ಸ್ಕೇಲ್‌ನಲ್ಲಿ ಒಂದು ರಿಯಾಕ್ಟರಿಗೆ ಬೆಂಕಿ ಬಿದ್ದಿರೋದು ಪತ್ತೆಯಾಯಿತು. ಅಯೋಡಿನ್-131 ಹೊರಗೆ ಬಂತು. ಸುತ್ತಲಿನ ಹಳ್ಳಿಗಳ ಹಸುಗಳ ಹಾಲಿನಲ್ಲಿ ಒಂದೆರಡು ದಿನಕ್ಕೆ ಕಾಣಿಸಿಕೊಂಡಿತು. ಆದರೆ ಹಾಲಿನಲ್ಲಿ ಎಷ್ಟಿದ್ದರೆ ಕುಡಿಯಬಾರದು ಅನ್ನುವ ಸಿದ್ಧ ಮಿತಿಯೇ ಅವರ ಹತ್ತಿರ ಇರಲಿಲ್ಲ. ಹಾಲು ಕುಡಿಯುವ ಪುಟ್ಟ ಮಗುವಿನ ಥೈರಾಯ್ಡನ್ನು ಮುಂದಿಟ್ಟುಕೊಂಡು ಆ ಒಂದೆರಡು ದಿನದಲ್ಲೇ ಲೆಕ್ಕ ಹಾಕಿ ಲೀಟರಿಗೆ 0.1 ಮೈಕ್ರೋಕ್ಯೂರಿ ಅಂತ ಗೆರೆ ಎಳೆದರು. ಸುಮಾರು 500 ಚದರ ಕಿಲೋಮೀಟರ್ ಪ್ರದೇಶದ ಹಾಲನ್ನು ಚೆಲ್ಲಿಸಿದರು.

ಪ್ರೊಡಕ್ಷನ್ ಬಿದ್ದ ಮೇಲೆ ಅಲರ್ಟ್‌ನ ಮಿತಿ ಎಷ್ಟಿಡೋಣ ಅಂತ ಚರ್ಚಿಸುವ ಸ್ಥಿತಿ ನಮ್ಮಲ್ಲಿ ಎಷ್ಟು ಜನ ನೋಡಿಲ್ಲ? ಇದೂ ಅದೇ. ಹಾಗಾಗಿ ಆ ಕಾಲದಲ್ಲಿ ಅಣುಶಕ್ತಿಗೆ ಕೈ ಹಾಕಿದ ಪ್ರತಿ ದೇಶಕ್ಕೂ ಒಂದು ಪ್ರಶ್ನೆ ಇತ್ತು. ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳೋದಾ, ಅಥವಾ ಬೆಂಕಿ ಬಿದ್ದ ಮೇಲೆ ನೋಡೋಣ ಅನ್ನೋದಾ?

ಭಾರತದಲ್ಲಿ ಈ ಚಿಂತೆ ಬಾಂಬ್ ಪರೀಕ್ಷೆಗಳಿಂದಲೇ ಶುರುವಾಗಿತ್ತು. 1954ರ ಮಾರ್ಚ್ 1ರಂದು ಅಮೆರಿಕ ಪೆಸಿಫಿಕ್‌ನಲ್ಲಿ ಸಿಡಿಸಿದ ಹೈಡ್ರೋಜನ್ ಬಾಂಬಿನ ಬೂದಿ ಜಪಾನಿನ ಒಂದು ಮೀನುಗಾರಿಕೆ ದೋಣಿಯ 23 ಜನರ ಮೇಲೆ ಬಿತ್ತು. ಅದಾದ ಒಂದು ತಿಂಗಳಿಗೆ, ಏಪ್ರಿಲ್ 2ರಂದು ನೆಹರು ಪರೀಕ್ಷೆಗಳನ್ನು ನಿಲ್ಲಿಸಿ ಅಂತ ಸಂಸತ್ತಿನಲ್ಲಿ ಕರೆ ಕೊಟ್ಟರು. ಅಣು ಸ್ಫೋಟಗಳ ಪರಿಣಾಮ ಏನು ಅಂತ ವಿಜ್ಞಾನಿ ಡಿ. ಎಸ್. ಕೊಠಾರಿಯವರಿಂದ ಪುಸ್ತಕ ಬರೆಸಿದರು, 1956ರಲ್ಲಿ ಸರ್ಕಾರವೇ ಅದನ್ನು ಪ್ರಕಟಿಸಿತು. ವಿಕಿರಣದ ಪರಿಣಾಮ ನೋಡಲು 1955ರ ಕೊನೆಯಲ್ಲಿ ವಿಶ್ವಸಂಸ್ಥೆ ಕಟ್ಟಿದ ಸಮಿತಿಯ ಮೊದಲ 15 ದೇಶಗಳಲ್ಲಿ ಭಾರತವೂ ಒಂದು.

ಅದೇ ಹೊತ್ತಿಗೆ ಟ್ರಾಂಬೆಯಲ್ಲಿ ನಮ್ಮದೇ ಕೆಲಸ ಶುರುವಾಗಿತ್ತು. 1954ರಲ್ಲಿ ಅಣುಶಕ್ತಿ ಸಂಸ್ಥೆ, 1956ರ ಆಗಸ್ಟ್ 4ರಂದು ಅಪ್ಸರಾ ರಿಯಾಕ್ಟರ್, 1960ರ ಜುಲೈಯಲ್ಲಿ ಸೈರಸ್. ಹೋಮಿ ಭಾಭಾ ಹೆಸರು ಎಲ್ಲರಿಗೂ ಗೊತ್ತು. ನಮ್ಮ ತುಮಕೂರಿನ ರಾಜಾ ರಾಮಣ್ಣ ಹೆಸರೂ ಗೊತ್ತು. ರಿಯಾಕ್ಟರ್ ಕಟ್ಟಿದೋರ ಹೆಸರು ಉಳಿಯುತ್ತೆ. ರಿಯಾಕ್ಟರಿನಿಂದ ಹೊರಗೆ ಹೋದದ್ದು ಎಲ್ಲಿಗೆ ಹೋಯ್ತು ಅಂತ ಹಿಂದೆ ಹೋಗಿ ನೋಡಿದೋರ ಹೆಸರು ನಮಗೆ ಗೊತ್ತಿಲ್ಲ.

ಗಂಗೂಲಿ ಮತ್ತು ಮೀನು ಸುಡುವ ಲ್ಯಾಬ್

ಅನಿಲ್ ಕುಮಾರ್ ಗಂಗೂಲಿ ರಸಾಯನ ವಿಜ್ಞಾನಿ. ಅಮೆರಿಕದ ನಾಟ್ರ್‌ ಡೇಮ್ ವಿಶ್ವವಿದ್ಯಾಲಯದಲ್ಲಿ ಜಾನ್ ಮಗೀ ಜೊತೆ ಕೆಲಸ ಮಾಡಿ, ವಿಕಿರಣ ಕಣವೊಂದು ನೀರಿನಲ್ಲಿ ಹಾದುಹೋದಾಗ ಅದರ ಜಾಡಿನಲ್ಲಿ ಏನೇನು ರಾಸಾಯನಿಕ ಕ್ರಿಯೆ ಆಗುತ್ತೆ ಅಂತ 1956ರಲ್ಲಿ ಒಂದು ಸಿದ್ಧಾಂತ ಪ್ರಕಟಿಸಿದ್ದರು. ಆ ವಿಷಯದವರಿಗೆ ಗಂಗೂಲಿ-ಮಗೀ ಅಂದರೆ ಇವತ್ತಿಗೂ ಪರಿಚಿತ ಹೆಸರು. ಆ ದಾರಿಯಲ್ಲೇ ಹೋಗಿದ್ದರೆ ಇನ್ನಷ್ಟು ಪೇಪರ್ ಬರೆದು ಹೆಸರು ಮಾಡಬಹುದಿತ್ತು. ಅವರು ಟ್ರಾಂಬೆಯ ಹೆಲ್ತ್ ಫಿಸಿಕ್ಸ್ ವಿಭಾಗದ ಹೊಣೆ ಹೊತ್ತರು. ಕೆಲಸಗಾರರಿಗೆ, ಊರಿನವರಿಗೆ ವಿಕಿರಣದಿಂದ ತೊಂದರೆ ಆಗದ ಹಾಗೆ ನೋಡಿಕೊಳ್ಳೋದು ಆ ವಿಭಾಗದ ಕೆಲಸ.

ಇಂಥ ಲ್ಯಾಬ್‌ನ ದಿನಚರಿ ಹೇಗಿರುತ್ತೆ ಗೊತ್ತಾ? ಹಾಲಿವುಡ್ ಸಿನಿಮಾದ ಹಾಗೆ ಹಸಿರು ಬೆಳಕು ಏನೂ ಇರಲ್ಲ. ಮೀನು, ಅಕ್ಕಿ, ಹಾಲು, ಸೊಪ್ಪು, ಕೆಸರು ತರ್ತಾರೆ. ಒಣಗಿಸ್ತಾರೆ. ಕುಲುಮೆಯಲ್ಲಿ 450 ಡಿಗ್ರಿಯ ಆಸುಪಾಸು ಇಟ್ಟು ಬೂದಿ ಮಾಡ್ತಾರೆ. ಕಿಲೋಗಟ್ಟಲೆ ಮೀನು ಹಿಡಿಯಷ್ಟು ಬೂದಿಯಾಗುತ್ತೆ. ಆ ಬೂದಿಯನ್ನು ಆಮ್ಲದಲ್ಲಿ ಕರಗಿಸಿ, ಹುಡುಕುವ ಧಾತುವನ್ನು ಬೇರ್ಪಡಿಸ್ತಾರೆ.

ಸ್ಟ್ರಾನ್ಷಿಯಂ-90 ಹುಡುಕುವುದಾದರೆ ಇನ್ನೊಂದು ತಾಪತ್ರಯ. ಅದು ಬಿಡುವುದು ಬರೀ ಬೀಟಾ, ಗಾಮಾ ಇಲ್ಲ. ಹಾಗಾಗಿ ಪಾತ್ರೆಯ ಹೊರಗಿನಿಂದ ಯಂತ್ರ ಇಟ್ಟು ಗುರುತಿಸೋಕೆ ಆಗಲ್ಲ. ಕ್ಯಾಲ್ಸಿಯಮ್ಮಿನಿಂದ ಬಿಡಿಸಿ ಎರಡು ವಾರ ಸುಮ್ಮನೆ ಇಡಬೇಕು. ಅಷ್ಟರಲ್ಲಿ ಅದರಿಂದ ಇಟ್ರಿಯಂ-90 ಹುಟ್ಟುತ್ತೆ. ಅದನ್ನು ಬೇರೆ ಮಾಡಿ, ದಪ್ಪ ಸೀಸದ ಗೂಡಿನಲ್ಲಿಟ್ಟು ಗಂಟೆಗಟ್ಟಲೆ ಎಣಿಸಬೇಕು. ಮತ್ತೆ 64 ಗಂಟೆಗೆ ಅದು ಅರ್ಧ ಆಯ್ತಾ ಅಂತ ನೋಡಬೇಕು. ಆಗಿದ್ದರೆ ಮಾತ್ರ ನಾವು ಎಣಿಸಿದ್ದು ಅದನ್ನೇ ಅಂತ ಖಾತ್ರಿ. ಇಷ್ಟೆಲ್ಲ ಆದ ಮೇಲೆ ರಿಜಿಸ್ಟರಿನಲ್ಲಿ ಬರೆಯುವುದು ಒಂದು ಸಣ್ಣ ಸಂಖ್ಯೆ. ಎಷ್ಟೋ ಸಲ "ಅಳತೆಗೆ ಸಿಗದಷ್ಟು ಕಡಿಮೆ" ಅನ್ನುವ ಒಂದು ಮಾತು. ಮೂರು ವಾರದ ದುಡಿಮೆಗೆ ಉತ್ತರ 'ಏನೂ ಇಲ್ಲ'. ಆದರೆ ಅಳೆದು ಏನೂ ಇಲ್ಲ ಅನ್ನೋದಕ್ಕೂ ಅಳೆಯದೇ ಏನೂ ಇಲ್ಲ ಅನ್ನೋದಕ್ಕೂ ಎಷ್ಟು ವ್ಯತ್ಯಾಸ ಅಂತ, ಟೆಸ್ಟ್ ಬರೆಯದ ಕೋಡನ್ನು ರಿಲೀಸ್ ಮಾಡಿದವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಡಿಫಾಲ್ಟ್ ಮನುಷ್ಯ

ಈಗ ಮುಖ್ಯ ವಿಷಯ. ಅಂತಾರಾಷ್ಟ್ರೀಯ ಮಿತಿಗಳು ಇದ್ದವು. ಅವನ್ನೇ ತಂದು ಇಲ್ಲಿ ಅಂಟಿಸಿದರೆ ಆಗ್ತಿರಲಿಲ್ವಾ?

ಆಗಲ್ಲ. ಯಾಕೆಂದರೆ ಆ ಮಿತಿಗಳ ಹಿಂದೆ ಒಬ್ಬ ಮನುಷ್ಯ ಇದ್ದ. 1975ರಲ್ಲಿ ಅಂತಾರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ ಅವನ ಸಂಪೂರ್ಣ ವಿವರವನ್ನು ಅಚ್ಚು ಹಾಕಿಸಿತು, 'ರೆಫರೆನ್ಸ್ ಮ್ಯಾನ್' ಅಂತ. ವಯಸ್ಸು 20ರಿಂದ 30. ತೂಕ 70 ಕಿಲೋ. ಎತ್ತರ 170 ಸೆಂಟಿಮೀಟರ್. ವಾಸ 10ರಿಂದ 20 ಡಿಗ್ರಿ ಉಷ್ಣಾಂಶದ ಊರಿನಲ್ಲಿ. ಬಿಳಿಯ. ಊಟ, ನಡೆ, ನುಡಿ ಎಲ್ಲ ಪಶ್ಚಿಮ ಯುರೋಪು ಅಥವಾ ಉತ್ತರ ಅಮೆರಿಕದ್ದು. ಥೈರಾಯ್ಡ್ 20 ಗ್ರಾಂ.

ನಮ್ಮ ಭಾಷೆಯಲ್ಲಿ ಹೇಳೋದಾದರೆ ಅವನು ಡಿಫಾಲ್ಟ್ ಯೂಸರ್. ಅವನನ್ನು ಇಟ್ಟುಕೊಂಡು ಲೆಕ್ಕ ಮಾಡುವುದರಲ್ಲಿ ಮೋಸ ಏನಿಲ್ಲ, ಎಲ್ಲೋ ಒಂದು ಕಡೆ ಶುರು ಮಾಡಬೇಕಲ್ಲ. ಆದರೆ ಮುಂಬೈಯ 33 ಡಿಗ್ರಿ ಸೆಖೆಯಲ್ಲಿ ಬೆವರು ಸುರಿಸಿ ಲೀಟರ್‌ಗಟ್ಟಲೆ ನೀರು ಕುಡಿಯುವ, 50 ಕಿಲೋ ತೂಗುವ, ಮೂರು ಹೊತ್ತೂ ಅನ್ನ ಅಥವಾ ರೊಟ್ಟಿ ತಿನ್ನುವ ಮನುಷ್ಯನಿಗೆ ಅದು ಹೊಂದುತ್ತಾ? ಅಷ್ಟೇ ಪ್ರಮಾಣ ಒಳಗೆ ಹೋದರೂ ಅಂಗ ಚಿಕ್ಕದಾದರೆ ಪ್ರತಿ ಗ್ರಾಮಿಗೆ ಬೀಳುವ ಡೋಸು ಹೆಚ್ಚು. ಊಟದಲ್ಲಿ ಅಯೋಡಿನ್ ಕಡಿಮೆ ಇದ್ದರೆ ಹಸಿದ ಥೈರಾಯ್ಡ್ ಸಿಕ್ಕಿದ್ದನ್ನೆಲ್ಲ ಎಳೆದುಕೊಳ್ಳುತ್ತೆ, ಆಗಲೂ ಹೆಚ್ಚು. ಪುಟ್ಟ ಮಗುವಿನ ಥೈರಾಯ್ಡ್ ಅಂತೂ ಕೆಲವೇ ಗ್ರಾಂ.

ನಮಗೆ ಹತ್ತಿರದ ಉದಾಹರಣೆ ಕೊಡ್ತೀನಿ. ಪಶ್ಚಿಮದ ದೇಶಗಳಲ್ಲಿ ಸ್ಟ್ರಾನ್ಷಿಯಂ-90 ನೋಡಲು ಹಾಲನ್ನು ಅಳೆದರು. ಅಲ್ಲಿನವರಿಗೆ ಕ್ಯಾಲ್ಸಿಯಂ ಸಿಗೋದು ಮುಖ್ಯವಾಗಿ ಹಾಲು, ಚೀಸಿನಿಂದ. ಹಸುವಿನ ಹಾಲಿನಲ್ಲಿ 100 ಗ್ರಾಮಿಗೆ ಸುಮಾರು 120 ಮಿಲಿಗ್ರಾಂ ಕ್ಯಾಲ್ಸಿಯಂ. ರಾಗಿಯಲ್ಲಿ 340ರಿಂದ 360 ಮಿಲಿಗ್ರಾಂ! ಮುದ್ದೆ ಉಣ್ಣುವ ಮನೆಯಲ್ಲಿ ಹಾಲನ್ನಷ್ಟೇ ಅಳೆದರೆ ಅರ್ಧ ಕಥೆ ಬಿಟ್ಟ ಹಾಗೆ. ಅಮ್ಮನಿಗೆ ಇದನ್ನು ಹೇಳಿದಾಗ, "ಅಲ್ಲಿಯವರಿಗೆ ಮುದ್ದೆ ಗೊತ್ತಿಲ್ಲದಿದ್ದರೆ ಹೋಗ್ಲಿ, ನಮ್ಮೋರಿಗಾದ್ರೂ ಗೊತ್ತಿರಬೇಕಲ್ಲ" ಅಂದರು. ವಿಷಯ ಅದೇ. ನಮ್ಮ ಊಟವನ್ನು ನಾವೇ ಅಳೆಯಬೇಕು. ಮುಂದೆ ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಆಶ್ರಯದಲ್ಲಿ 'ರೆಫರೆನ್ಸ್ ಏಷ್ಯನ್ ಮ್ಯಾನ್' ಯೋಜನೆ ನಡೆಯಿತು. ಭಾರತವೂ ಅದರಲ್ಲಿ ಸೇರಿ ಇಲ್ಲಿನ ದೇಹ, ಇಲ್ಲಿನ ಊಟದ ಅಂಕಿಗಳನ್ನು ಕೊಟ್ಟಿತು.

ಬಂದರಿನ ಕೆಸರು

ಇದೇ ಯೋಚನೆ ಸಮುದ್ರಕ್ಕೂ ಬೇಕಿತ್ತು. ಟ್ರಾಂಬೆ ಇರುವುದು ಮುಂಬೈ ಬಂದರಿನ ಕೊಲ್ಲಿಯ ದಡದಲ್ಲಿ. ಅಲ್ಲಿನ ಲ್ಯಾಬ್‌ಗಳ, ರಿಯಾಕ್ಟರ್‌ನ ಕಡಿಮೆ ವಿಕಿರಣದ ದ್ರವತ್ಯಾಜ್ಯವನ್ನು ಸಂಸ್ಕರಿಸಿ, ಅಳೆದು, ಆ ನೀರಿಗೆ ಬಿಡುತ್ತಾರೆ. ಎಷ್ಟು ಬಿಡಬಹುದು? 1961ರಲ್ಲಿ ಗಂಗೂಲಿ ಮತ್ತು ರೇಡಿಯೋಕೆಮಿಸ್ಟ್ ಕೆ. ಸಿ. ಪಿಳ್ಳೈ ಇದೇ ಪ್ರಶ್ನೆಗೆ ಒಂದು ವರದಿ ಬರೆದರು. ಬೇರೆ ದೇಶದ ಸಮುದ್ರಕ್ಕಲ್ಲ, ಮುಂಬೈಯ ಸಮುದ್ರದ ನೀರಿಗೆ ಯಾವ ಧಾತು ಎಷ್ಟರಮಟ್ಟಿಗೆ ಇರಬಹುದು ಅನ್ನುವ ಲೆಕ್ಕ.

ಇಂಥ ಲೆಕ್ಕವನ್ನು ಹಿಂದಿನಿಂದ ಮುಂದಕ್ಕೆ ಮಾಡ್ತಾರೆ. ಒಬ್ಬ ಮನುಷ್ಯನಿಗೆ ಬೀಳಬಹುದಾದ ಡೋಸಿಗೆ ಒಂದು ಗೆರೆ. ಅವನು ದಿನಕ್ಕೆ ಎಷ್ಟು ಮೀನು ತಿನ್ನುತ್ತಾನೆ? ಮೀನು ನೀರಿನಲ್ಲಿರುವುದಕ್ಕಿಂತ ಎಷ್ಟು ಪಟ್ಟು ಹೆಚ್ಚು ತನ್ನೊಳಗೆ ಕೂಡಿಡುತ್ತೆ? ಭರತ, ಇಳಿತದಲ್ಲಿ ನೀರು ಎಷ್ಟು ಕಲಸಿಹೋಗುತ್ತೆ? ಹೀಗೆ ಮೆಟ್ಟಿಲು ಮೆಟ್ಟಿಲು ಇಳಿದು ಪೈಪಿನ ಬಾಯಿಗೆ ಬರಬೇಕು. ಇಲ್ಲಿ 'ಮನುಷ್ಯ' ಅಂದರೆ ಊರಿನ ಸರಾಸರಿ ಮನುಷ್ಯ ಅಲ್ಲ. ಬಾಂದ್ರಾದಲ್ಲಿ ತಿಂಗಳಿಗೊಮ್ಮೆ ಹೋಟೆಲಲ್ಲಿ ಬೊಂಬಿಲ್ ಫ್ರೈ ತಿನ್ನುವ ನನ್ನಂಥವನನ್ನು ಲೆಕ್ಕಕ್ಕೆ ತಗೊಂಡರೆ ಮಿತಿ ತುಂಬಾ ಸಡಿಲ ಆಗಿಬಿಡುತ್ತೆ. ಆ ಕೊಲ್ಲಿಯಲ್ಲೇ ಬಲೆ ಬೀಸಿ, ದಿನಾ ಎರಡು ಹೊತ್ತು ಅದನ್ನೇ ಉಣ್ಣುವ ಕೋಳಿ ಮೀನುಗಾರರ ಮನೆ ಲೆಕ್ಕಕ್ಕೆ ಬರಬೇಕು. ಅವರು ಸುರಕ್ಷಿತ ಅಂದರೆ ಉಳಿದವರೆಲ್ಲ ಸುರಕ್ಷಿತ. ನಾವು ಆವರೇಜ್ ಲೇಟೆನ್ಸಿ ಬಿಟ್ಟು ಪಿ99 ನೋಡ್ತೀವಲ್ಲ, ಹಾಗೆ.

ಕೆಸರಿಗೂ ಇದರಲ್ಲಿ ಪಾತ್ರ ಇದೆ. ಹಾರ್ಬರ್ ಲೈನಿನಲ್ಲಿ ವಾಶಿ ಕಡೆ ಹೋಗುವಾಗ ಇಳಿತದ ಹೊತ್ತಿಗೆ ಕಾಣುವ ಆ ಕಪ್ಪು ಜೇಡಿ ಬರೀ ಕೊಳಕು ಅಂತ ಮೂಗು ಮುಚ್ಚಿಕೊಳ್ತೀವಿ. ಜೇಡಿಯ ಪದರಗಳು ಸೀಸಿಯಮ್ಮನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ನೀರಿನಲ್ಲಿ ಕಡಿಮೆ ಆಗುತ್ತೆ, ಒಳ್ಳೆಯದು. ಆದರೆ ಹಿಡಿದದ್ದು ಅಲ್ಲೇ ಕೂರುತ್ತೆ. ಆಮೇಲೆ ಕೆಸರಿನಲ್ಲಿ ಬದುಕುವ ಚಿಪ್ಪುಜೀವಿಗಳನ್ನೂ ನೋಡಬೇಕು, ಆ ಕೆಸರಿನಲ್ಲಿ ಕಾಲಿಟ್ಟು ನಿಲ್ಲುವ ಮೀನುಗಾರರನ್ನೂ ನೋಡಬೇಕು. ನೀರನ್ನು ಮಾತ್ರ ಅಳೆದು ವರದಿ ಬರೆದವನು ಮೋಸ ಹೋಗ್ತಾನೆ.

ಇದೇ ಪಿಳ್ಳೈ ಅಮೆರಿಕದ ಲಾ ಹೋಯಾದ ಸ್ಕ್ರಿಪ್ಸ್ ಸಾಗರ ಸಂಸ್ಥೆಯಲ್ಲಿ ಸ್ಮಿತ್, ಫೋಲ್ಸಮ್ ಅನ್ನುವವರ ಜೊತೆ ಪೆಸಿಫಿಕ್ ಸಾಗರದಲ್ಲಿ ಪ್ಲುಟೋನಿಯಂ ಅಳೆದರು. 1964ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅದು ಬಂತು. ಸಮುದ್ರದಲ್ಲಿ ಪ್ಲುಟೋನಿಯಂ ಅಳೆದ ಮೊದಲ ಕೆಲಸಗಳಲ್ಲಿ ಅದೂ ಒಂದು. ಬಾಂಬುಗಳಿಂದ ಬಂದು ಬಿದ್ದದ್ದು, ಇಡೀ ಸಾಗರದಲ್ಲಿ ಕಲಸಿಹೋದದ್ದು. ಅದನ್ನು ಹುಡುಕಿ ತೆಗೆಯೋದು ಎಂಥ ತಾಳ್ಮೆಯ ಕೆಲಸ ಅಂತ ಯೋಚಿಸಿ. ಆ ಕಾಲದಲ್ಲೂ ಜನ ಆನ್‌ಸೈಟ್ ಹೋಗ್ತಿದ್ದರು, ಕೆಲಸ ಬೇರೆ ಥರದ್ದು.

ಕೈಗಾ, ಎಕ್ಸ್‌ರೇ, ಮತ್ತು ನಂಬಿಕೆ

ಇಷ್ಟು ಹೇಳಿದ ಮೇಲೆ, ಎಲ್ಲ ಸರಿಯಾಗಿದೆ ಅಂತ ನಾನು ಸರ್ಟಿಫಿಕೇಟ್ ಕೊಡ್ತಿದ್ದೀನಿ ಅಂದುಕೊಳ್ಳಬೇಡಿ. 1960ರ ಫೆಬ್ರವರಿ 27ರಂದು ಭಾಭಾ ಒಂದು ಸೂಚನೆ ಹೊರಡಿಸಿದ್ದರು: ವಿಕಿರಣ ವಸ್ತುಗಳಿಂದ ಇಲ್ಲಿನ ಕೆಲಸಗಾರರಿಗಾಗಲಿ ಬೇರೆ ಯಾರಿಗಾಗಲಿ ಹಾನಿ ಆಗಬಾರದು, ಅಷ್ಟೇ ಅಲ್ಲ, ದೇಶದ ಉಳಿದ ಸಂಸ್ಥೆಗಳು ನೋಡಿ ಕಲಿಯುವ ಹಾಗಿರಬೇಕು ಅಂತ. ಆ ಮಾತನ್ನು ದೇಶ ಎಷ್ಟು ಪಾಲಿಸಿತು?

ಒಂದು ಕಡೆ ಒಳ್ಳೆಯ ಕೆಲಸ ಆಯ್ತು. 1963ರಲ್ಲಿ ಪರೇಲ್‌ನಲ್ಲಿ ರೇಡಿಯೇಷನ್ ಮೆಡಿಸಿನ್ ಸೆಂಟರ್ ಶುರುವಾಗಿ ಥೈರಾಯ್ಡ್ ರೋಗಿಗಳಿಗೆ ರೇಡಿಯೋ ಅಯೋಡಿನ್ ಚಿಕಿತ್ಸೆ ಸಿಕ್ಕಿತು. ಅಮ್ಮನ ಹಾಗೆ ಎಷ್ಟೋ ಜನರಿಗೆ ಟ್ರಾಂಬೆಯ ರಿಯಾಕ್ಟರ್‌ಗಳಲ್ಲಿ ಟೆಲ್ಲುರಿಯಮ್ಮಿನಿಂದ ತಯಾರಾದ ಅಯೋಡಿನ್ನೇ ಮದ್ದು. ಆಸ್ಪತ್ರೆಗಳ ಎಕ್ಸ್‌ರೇ ಕೋಣೆಯ ಸಿಬ್ಬಂದಿ ಎದೆಗೆ ಒಂದು ಪುಟ್ಟ ಬ್ಯಾಜ್ ಹಾಕಿಕೊಂಡಿರುವುದನ್ನು ನೋಡಿರ್ತೀರಿ. ಮೊದಲು ಅದರಲ್ಲಿ ಫಿಲ್ಮ್ ಇರ್ತಿತ್ತು. 1975ರಿಂದ ಬಿಸಿ ಮಾಡಿದರೆ ಬೆಳಗುವ ಬಿಲ್ಲೆಗಳು ಬಂದವು. ಮೂರು ತಿಂಗಳಿಗೊಮ್ಮೆ ಲ್ಯಾಬ್‌ಗೆ ಕಳಿಸಿ, ಅವರ ಮೈಮೇಲೆ ಎಷ್ಟು ಬಿತ್ತು ಅಂತ ಓದುತ್ತಾರೆ.

ಇನ್ನೊಂದು ಕಡೆ ನೋಡಿ. 1983ರ ನವೆಂಬರ್ 15ರಂದು ಸುರಕ್ಷತೆಯ ಮೇಲ್ವಿಚಾರಣೆಗೆ ಅಣುಶಕ್ತಿ ನಿಯಂತ್ರಣ ಮಂಡಳಿ ಬಂತು. 2012ರಲ್ಲಿ ಮಹಾಲೇಖಪಾಲರ ವರದಿ ಆ ಮಂಡಳಿಯ ಬಗ್ಗೆ ಏನು ಹೇಳಿತು? ದೇಶದ 57,443 ವೈದ್ಯಕೀಯ ಎಕ್ಸ್‌ರೇ ಘಟಕಗಳಲ್ಲಿ ನೋಂದಣಿಯಾಗಿದ್ದು 5,270 ಮಾತ್ರ. ನೂರಕ್ಕೆ ತೊಂಬತ್ತೊಂದು ಲೆಕ್ಕದಲ್ಲೇ ಇರಲಿಲ್ಲ. ಮಂಡಳಿಗೆ ಸಾಕಷ್ಟು ಸ್ವಾತಂತ್ರ್ಯ ಇಲ್ಲ ಅಂತಲೂ ಆ ವರದಿ ಹೇಳಿತು. ಆಮೇಲೆ 'ಇ-ಲೋರಾ' ಅನ್ನುವ ಆನ್‌ಲೈನ್ ಲೈಸೆನ್ಸ್ ವ್ಯವಸ್ಥೆ ಬಂತು. ನಮ್ಮಲ್ಲೇ ಯಾರೋ ಅದರ ಕೋಡ್ ಬರೆದಿರಬಹುದು. ರಿಯಾಕ್ಟರ್ ಅಂದರೆ ಹೆದರುವ ನಾವು, ಗಲ್ಲಿಯ ಎಕ್ಸ್‌ರೇ ಸೆಂಟರಿನಲ್ಲಿ ಗೋಡೆಗೆ ಸೀಸ ಇದೆಯಾ ಅಂತ ಯಾವತ್ತಾದರೂ ಕೇಳಿದ್ದೀವಾ?

ನಮ್ಮ ಉತ್ತರ ಕನ್ನಡದ ಕೈಗಾಕ್ಕೂ ಬರೋಣ. ರಿಯಾಕ್ಟರ್ ಶುರುವಾಗುವ ಮೊದಲೇ ಅಲ್ಲಿನ ಮಣ್ಣು, ನೀರು, ಬೆಳೆಯಲ್ಲಿ ಸಹಜವಾಗಿ ಎಷ್ಟು ವಿಕಿರಣ ಇದೆ ಅಂತ ಅಳೆದಿಟ್ಟಿದ್ದರು. ಮಂಗಳೂರು ವಿಶ್ವವಿದ್ಯಾಲಯದವರೂ ಆ ಕೆಲಸ ಮಾಡಿದರು. ಮೊದಲ ದಿನದ ಅಳತೆ ಇಲ್ಲದಿದ್ದರೆ ನಾಳೆ ಹೆಚ್ಚಾಯ್ತು ಅಂತ ಹೇಳುವುದು ಹೇಗೆ? 2009ರ ನವೆಂಬರಿನಲ್ಲಿ ಅದೇ ಕೈಗಾದಲ್ಲಿ 50ಕ್ಕೂ ಹೆಚ್ಚು ಕೆಲಸಗಾರರ ಮೈಯಲ್ಲಿ ಟ್ರಿಟಿಯಂ ಹೆಚ್ಚಾಗಿ ಕಂಡಿತು. ಯಾರೋ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಇದ್ದ ಭಾರಜಲ ಬೆರೆಸಿದ್ದರು. ಟ್ರಿಟಿಯಂಗೆ ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿಯಲ್ಲಿ ಬರೀ ನೀರು. ಅದನ್ನು ಹಿಡಿದದ್ದು ವಾಡಿಕೆಯಂತೆ ನಡೆಯುವ ಮೂತ್ರ ಪರೀಕ್ಷೆ. ಬೇಸರದ, ದಿನಾ ಮಾಡುವ, ಯಾರೂ ಶಹಬ್ಬಾಸ್ ಅನ್ನದ ಪರೀಕ್ಷೆ.

ಹದಿನೈದನೇ ದಿನ

ಎರಡು ವಾರ ಮುಗಿಯಿತು. ಹದಿನೈದನೇ ದಿನ ಬೆಳಿಗ್ಗೆ ಅಮ್ಮ ಸ್ನಾನ ಮಾಡಿ, ಹೊಸ ಸೀರೆ ಉಟ್ಟು ಹಾಲ್‌ಗೆ ಬಂದು ಕೂತರು. ಮಗಳು ಮೊದಲು ಬಾಗಿಲ ಹತ್ತಿರವೇ ನಿಂತಳು. ಎರಡು ವಾರದಲ್ಲಿ ಅಭ್ಯಾಸ ಆಗಿಬಿಟ್ಟಿತ್ತು ಅವಳಿಗೆ. ಅಮ್ಮ ಕೈ ಚಾಚಿದರು. ಆಮೇಲೆ ಅರ್ಧ ಗಂಟೆ ಇಬ್ಬರೂ ಏಳಲಿಲ್ಲ.

ಸಂಜೆ ಅಮ್ಮ ಮತ್ತೆ ಕೇಳಿದರು: "ಲೆಕ್ಕ ಹಾಕಿದೋರು ಯಾರು ಅಂತ ಗೊತ್ತಾಯ್ತೇನೋ?"

ಹೇಳಿದೆ. ಒಬ್ಬರಲ್ಲಮ್ಮ, ಬಹಳ ಜನ. ದನದ ಗಂಟಲಿನ ಗ್ರಂಥಿ ಅಳೆದೋರು, ಹಾಲು ಚೆಲ್ಲಿಸಿದೋರು, ಮೀನು ಸುಟ್ಟು ಬೂದಿ ಎಣಿಸಿದೋರು, ಇನ್ನೊಂದು ದೇಶದ ಮನುಷ್ಯನ ಅಳತೆ ನಮಗೆ ಹೊಂದಲ್ಲ ಅಂತ ಮತ್ತೆ ಅಳೆದೋರು. ನಿನ್ನ ಎರಡು ವಾರದಲ್ಲಿ ಅವರೆಲ್ಲ ಇದ್ದಾರೆ.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ಸದ್ಯ, ಮಗೂನ ಲೆಕ್ಕಕ್ಕೆ ಹಿಡಿದಿದಾರಲ್ಲ. ಹಾಗಾದ್ರೆ ಸರಿ ಬಿಡು."

ಇಷ್ಟೇ ಕೇಳೋದು ನಾನು ನಿಮ್ಮನ್ನು. ಮನೆಯಲ್ಲಿ ಯಾರಿಗಾದರೂ ಇಂಥ ಚಿಕಿತ್ಸೆ ಆದರೆ ಹಾಳೆಯನ್ನು ಮಡಚಿ ಬ್ಯಾಗಿಗೆ ಹಾಕಬೇಡಿ, ಓದಿ. ಪಾಲಿಸಿ. ನಮ್ಮ ಎರಡು ವಾರ ನಿಮಗೆ ಅನ್ವಯಿಸಲ್ಲ, ಡೋಸು, ಮನೆ, ಮಕ್ಕಳ ವಯಸ್ಸು ನೋಡಿ ದಿನ ಬದಲಾಗುತ್ತೆ, ನಿಮ್ಮ ಡಾಕ್ಟರನ್ನೇ ಕೇಳಿ. ಎಕ್ಸ್‌ರೇಗೆ ಹೋದಾಗ ನೋಂದಣಿ ಆಗಿದೆಯಾ ಅಂತ ಕೇಳಿ, ಕೇಳಿದರೆ ತಪ್ಪೇನಿಲ್ಲ. ಮಗುವನ್ನು ಸುಮ್ಮನೆ ಒಳಗೆ ಕರ್ಕೊಂಡು ಹೋಗಬೇಡಿ. ಹೆದರೋದೂ ಬೇಡ, ಅಸಡ್ಡೆಯೂ ಬೇಡ.

ಮುಂದಿನ ಮಾತಿನಲ್ಲಿ ಸಿಗೋಣ. ನಿಮ್ಮ ಮನೆಯಲ್ಲಿ, ನೆಂಟರಲ್ಲಿ ಟ್ರಾಂಬೆಯಲ್ಲೋ ಕೈಗಾದಲ್ಲೋ ಕೆಲಸ ಮಾಡಿದ ಹಿರಿಯರಿದ್ದರೆ ಈ ಭಾನುವಾರ ಒಂದು ಫೋನ್ ಮಾಡಿ, ಅವರ ದಿನಚರಿ ಕೇಳಿ. ಮೀನಿನ ಬೂದಿಯ ವಿಷಯವನ್ನೂ ಕೇಳೋದು ಮರೀಬೇಡಿ.